ಪರೀಕ್ಷಕರು ಬರೆಯದ ಒಂದು ಸಾಲು

ನನ್ನ ಅಕ್ಷರಕ್ಕೆ ಊರಿಲ್ಲ ಅಂತ ಮೊದಲು ಹೇಳಿದವರು ನಮ್ಮ ಸರ್. ಬೆಳಗಾವಿಯ ಕಾಲೇಜೊಂದರಲ್ಲಿ ಅವರು ಕನ್ನಡ ವಿಭಾಗದ ಮುಖ್ಯಸ್ಥರು. ನಾನು ಅದೇ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಟೆಂಪರರಿ ಲೆಕ್ಚರರ್. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಾಜರಿ ಪುಸ್ತಕದಲ್ಲಿ ನಾನು ಬರೆದದ್ದನ್ನು ಸರ್ ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಯಾರ ಅಕ್ಷರ ಇದು?"

"ನಂದರಿ ಸರ."

"ಏನ ಅಕ್ಷರಪಾ. ಊರಿಲ್ಲ, ಮನಿಯಿಲ್ಲ, ಅಪ್ಪ ಅವ್ವ ಯಾರಂತ ಗೊತ್ತಿಲ್ಲ. ಅಂಕಲಿಪಿ ಪುಸ್ತಕ ಎದ್ದು ಬಂದು ಕುಂತಂಗ ಐತಿ."

ಬೈಗುಳ ಅಂದುಕೊಂಡೆ. ಮರುದಿನ ಗೊತ್ತಾಯಿತು, ಅದು ನೇಮಕಾತಿ.

ನಮ್ಮ ವಿಭಾಗದಿಂದ ಮೂರು ತಿಂಗಳಿಗೊಮ್ಮೆ ಒಂದು ಸಂಶೋಧನಾ ಪತ್ರಿಕೆ ಹೊರಡುತ್ತಿತ್ತು. ಓದುವವರಿಗಿಂತ ಬರೆಯುವವರೇ ಹೆಚ್ಚಿದ್ದ ಪತ್ರಿಕೆ ಅದು. ಅದಕ್ಕೆ ಸರ್ ಒಂದು ಕಟ್ಟುನಿಟ್ಟು ಹಾಕಿಕೊಂಡಿದ್ದರು. ಬಂದ ಲೇಖನವನ್ನು ಆ ವಿಷಯ ಬಲ್ಲ ಇನ್ನೊಬ್ಬರಿಗೆ ಕಳಿಸಬೇಕು. ಅವರು ಹೂಂ ಅಂದರೆ ಅಚ್ಚು, ಊಹೂಂ ಅಂದರೆ ವಾಪಸ್ಸು. ಬರೆದವರು ಯಾರು ಅಂತ ಪರೀಕ್ಷಕರಿಗೆ ತಿಳಿಯಬಾರದು, ಪರೀಕ್ಷಕರು ಯಾರು ಅಂತ ಬರೆದವರಿಗೆ ತಿಳಿಯಬಾರದು. ಮೊದಮೊದಲು ಸರ್ ಲೇಖನದ ತಲೆಯ ಮೇಲಿನ ಹೆಸರನ್ನು ಕತ್ತರಿಯಿಂದ ಕತ್ತರಿಸಿ ಕಳಿಸುತ್ತಿದ್ದರಂತೆ. ಆದರೆ ಬೆಳಗಾವಿಯಲ್ಲಿ ಕನ್ನಡ ಬರೆಯುವವರೆಲ್ಲ ಒಬ್ಬರ ಕೈ ಒಬ್ಬರಿಗೆ ಪರಿಚಯ. ಒಬ್ಬರು ಪರೀಕ್ಷೆಯ ಹಳೇ ಉತ್ತರಪತ್ರಿಕೆಯ ಬೆನ್ನ ಮೇಲೆ ಬರೆಯುವವರು, ಇನ್ನೊಬ್ಬರ ಹಾಳೆಗೆ ನಶ್ಯದ ವಾಸನೆ. ಪರೀಕ್ಷಕರ ಕಣ್ಣು ಕಟ್ಟಿದ್ದೆವು, ಮೂಗು ಬಿಟ್ಟಿದ್ದೆವು. ಒಮ್ಮೆ ಒಬ್ಬ ಪರೀಕ್ಷಕರು "ಲೇಖನದಲ್ಲಿ ಔಚಿತ್ಯಪ್ರಜ್ಞೆಯ ಕೊರತೆ ಇದೆ" ಎಂದು ಮಾತ್ರ ಬರೆದು ವಾಪಸ್ಸು ಮಾಡಿದರು. ವಿಚಾರಿಸಿದರೆ, ಲೇಖಕರು ಮಗಳ ಲಗ್ನಕ್ಕೆ ಇವರನ್ನು ಕರೆದಿರಲಿಲ್ಲ.

ಕಾಲೇಜಿಗೆಲ್ಲ ಇದ್ದದ್ದು ಒಂದೇ ಕನ್ನಡ ಟೈಪ್‌ರೈಟರ್. ಅದನ್ನು ಪ್ರಿನ್ಸಿಪಾಲರ ಆಫೀಸಿನ ಕ್ಲಾರ್ಕ್ ಸ್ವಂತ ಎಮ್ಮೆಯ ಹಾಗೆ ಕಾಯುತ್ತಿದ್ದ, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅದಕ್ಕೇ ನಾನು. ಬಂದ ಲೇಖನವನ್ನೆಲ್ಲ ನನ್ನ ಅನಾಥ ಅಕ್ಷರದಲ್ಲಿ ನಕಲು ಮಾಡುವುದು, ನಕಲನ್ನು ಪರೀಕ್ಷಕರಿಗೆ ಕಳಿಸುವುದು. ಅವರ ಅಭಿಪ್ರಾಯ ಬಂದರೆ ಅದನ್ನೂ ನಕಲು ಮಾಡಿ ಲೇಖಕರಿಗೆ ಕಳಿಸುವುದು.

ನನಗೆ ಇನ್ನೊಂದು ನಕಲಿನ ರೋಗವೂ ಇತ್ತು. ಅದು ಸರ್‌ಗೆ ಗೊತ್ತಿದ್ದೂ ಈ ಕೆಲಸ ಕೊಟ್ಟರು ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ. ಕ್ಯಾಂಟೀನಿನಲ್ಲಿ ನಾನು ಎಲ್ಲ ಪ್ರೊಫೆಸರರನ್ನೂ ಮಾಡಿ ತೋರಿಸುತ್ತಿದ್ದೆ. ಹಳೇ ಪ್ರಿನ್ಸಿಪಾಲರು ಕೆಮ್ಮಿ ಕೆಮ್ಮಿ ವ್ಯಂಗ್ಯವಾಡುವುದು, ಇತಿಹಾಸದವರು ತಮ್ಮ ಮಾತಿಗೆ ತಾವೇ ತಲೆದೂಗುವುದು, ಎಲ್ಲ. ಸರ್‌ಗೆ "ಆಧಾರ ಏನು?" ಅಂತ ಕೇಳುವ ಚಟ. ಚಾ ಬಿಸಿ ಐತ್ರಿ ಅಂದರೂ ಕೇಳುವವರು. ಒಂದು ದಿನ ನಾನು ಕೈ ಹಿಂದೆ ಕಟ್ಟಿ, ಗದ್ದ ಎತ್ತಿ, "ಆಧಾರ ಏನು" ಅನ್ನುತ್ತಿದ್ದಾಗ ಎದುರಿಗಿದ್ದವರ ನಗು ಒಮ್ಮೆಲೇ ನಿಂತಿತು. ಹಿಂದೆ ಸರ್ ನಿಂತಿದ್ದರು.

"ಆಧಾರ ಅಂದ ಮ್ಯಾಲೆ ಜರಾ ನಿಂದರಬೇಕು," ಅಂದರು. "ನೀ ಗಡಬಡಸ್ತಿ." ಅಷ್ಟು ಹೇಳಿ ಚಾ ತಗೊಂಡು ಹೋದರು.

ಆ ಮಳೆಗಾಲದಲ್ಲಿ ಖಾನಾಪುರದಿಂದ ಒಂದು ಲೇಖನ ಬಂತು. ಬರೆದವರು ಅಲ್ಲಿಯ ಪ್ರಾಥಮಿಕ ಸಾಲಿಯ ಮಾಸ್ತರು. ಖಾನಾಪುರದ ಮನೆಗಳಲ್ಲಿ ಹೆಂಗಸರು ಬೀಸುವಾಗ ಹಾಡುವ ಪದಗಳನ್ನು ಅವರು ವರ್ಷಗಟ್ಟಲೆ ಕೂಡಿಸಿದ್ದರು. ಅದರ ವಿಶೇಷ ಏನೆಂದರೆ ಒಂದೇ ಪದದಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಆ ಊರಲ್ಲಿ ಬಾಯಿ ಹಾಗೇ ಆಡುತ್ತದೆ, ಹಾಡೂ ಹಾಗೇ. ಪದ ಬರೆದಿಟ್ಟ ವಹಿಗಳು ಒಂದು ಟ್ರಂಕ್ ತುಂಬ ಇವೆ, ಇದು ಅಚ್ಚಾದರೆ ಉಳಿದವನ್ನೂ ಬರೆಯುವ ಧೈರ್ಯ ಬಂದೀತು ಅಂತ ಜೊತೆಗೆ ಒಂದು ಚೀಟಿ ಇಟ್ಟಿದ್ದರು. ಲೇಖನದ ಏಳನೇ ಪದ ಇದು:

ತವರೂರ ದಾರ್ಯಾಗ ಮಾವಳಣ ಭೇಟ್ಲಿ
ಕಾಯ್ ಆಣ್ಲಂಸ ಗ ಅಂದಾಳ
ಕಣ್ಣೀರ ತಂದೀನ ಸೆರಗೀಲೆ

ಮಾವಳಣ ಅಂದರೆ ಸೋದರತ್ತಿ, ಭೇಟ್ಲಿ ಅಂದರೆ ಸಿಕ್ಕಳು. ಏನ ತಂದೀಯೇ ಅಂತ ಆಕೆ ಮರಾಠಿಯಲ್ಲಿ ಕೇಳುತ್ತಾಳೆ, ಈಕೆ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ನಾನು ನಕಲು ಮಾಡಿ ಸರ್‌ಗೆ ಕೊಟ್ಟೆ. ಸರ್ ಅದನ್ನು ರವಿವಾರ ಪೇಟೆಗೆ ಕಳಿಸಿದರು.

ಪೇಟೆಯಲ್ಲಿದ್ದ ಪರೀಕ್ಷಕರು ಬೆಲ್ಲ ಮತ್ತು ಒಣಮೆಣಸಿನಕಾಯಿಯ ಸಗಟು ವ್ಯಾಪಾರಿ. ವಿಭೂತಿ ಹಚ್ಚಿ ಬೆಳಗ್ಗೆಯೇ ಗಾದಿಯ ಮೇಲೆ ಕುಂತರೆ ಊಟದ ಹೊತ್ತಿನವರೆಗೂ ಮೇಲೇಳದ ಸಾವಕಾರರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಹಾಡು, ಗಾದೆ ಅಂದರೆ ನಮ್ಮ ವಿಭಾಗವನ್ನೆಲ್ಲ ಒಂದು ಚೀಲಕ್ಕೆ ತುಂಬಿ ತೂಗಬಲ್ಲವರು. ಅವರ ಅಭಿಪ್ರಾಯ ಹದಿನೈದು ದಿನಕ್ಕೆ ಬಂತು. ಹಾಳೆ ಬಿಡಿಸಿದರೆ ಮೆಣಸಿನಕಾಯಿ ಘಾಟಿಗೆ ಎರಡು ಸೀನು.

"ಯಾರು ಹಾಡಿದ್ದು, ಯಾವ ಊರಾಗ ಹಾಡಿದ್ದು, ಒಂದೊಂದಕ್ಕೂ ಬರೀಬೇಕು. ಎರಡನೇದು ಮತ್ತ ಒಂಬತ್ತನೇದು ಒಂದೇ ಪದ, ಒಂದು ತೆಗೀರಿ. ಉಳಿದದ್ದು ಗಟ್ಟಿ ಮಾಲು. ಅಚ್ಚು ಮಾಡ್ರಿ."

ಇಷ್ಟೇ.

ಸರ್ ನನಗೆ ಒಂದು ಸವಲತ್ತು ಕೊಟ್ಟಿದ್ದರು. ಗುರುತು ಹತ್ತುವ ಮಾತೇನಾದರೂ ಇದ್ದರೆ ನಕಲು ಮಾಡುವಾಗ ಬದಲಿಸಬಹುದು. "ಗಟ್ಟಿ ಮಾಲು" ಅಂತ ಹೋದರೆ, ಬರೆದವರು ಪೇಟೆಯವರು ಅಂತ ಖಾನಾಪುರದ ಬಸ್ ಸ್ಟ್ಯಾಂಡಿನ ತನಕ ಗೊತ್ತಾಗುತ್ತದೆ. ಅದಕ್ಕೆ ಅದನ್ನು "ಉತ್ತಮ ಸಾಮಗ್ರಿ" ಮಾಡಿದೆ. ಇದು ನನ್ನ ಹಕ್ಕಿನೊಳಗಿನದು. ಮುಂದಿನದು ಅಲ್ಲ.

ಆ ದಿನ ನನಗೆ ಪರೀಕ್ಷಾ ಹಾಲಿನ ಡ್ಯೂಟಿ. ಮೂರು ತಾಸು ಸುಮ್ಮನೆ ಕೂಡಬೇಕು. ಹುಡುಗರು ನಕಲು ಮಾಡದ ಹಾಗೆ ನೋಡಿಕೊಳ್ಳುತ್ತ ನಾನು ನಕಲು ಮಾಡುತ್ತಿದ್ದೆ. ಸಾವಕಾರರ ಅಭಿಪ್ರಾಯ ನಾಲ್ಕು ನಿಮಿಷಕ್ಕೆ ಮುಗಿದುಹೋಯಿತು. ಹಾಳೆ ಕೆಳಗೆ ಇನ್ನೂ ಜಾಗ ಇತ್ತು. ಇಂಥ ಲೇಖನವನ್ನು ಹಳೇ ಪ್ರಿನ್ಸಿಪಾಲರು ನೋಡಿದ್ದರೆ ಏನು ಬರೆಯುತ್ತಿದ್ದರು ಅಂತ ವಿಚಾರ ಬಂತು. ವಿಚಾರ ಬಂದದ್ದೇ ತಡ, ಅವರ ಕೆಮ್ಮು ಕಿವಿಯಲ್ಲಿ ಸುರುವಾಯಿತು, ಕೈ ಓಡಿತು:

"ಏಳನೆಯ ಪದದ ಕೊನೆಯ ಸಾಲು ಬೀಸುಕಲ್ಲಿನ ಮುಂದೆ ಹುಟ್ಟಿದ್ದಲ್ಲ, ಕುರ್ಚಿಯ ಮೇಲೆ ಹುಟ್ಟಿದ್ದು. ಕೂಸಿನ ಅಪ್ಪ ಯಾರೆಂದು ಲೇಖಕರೇ ಹೇಳಿದರೆ ಒಳ್ಳೆಯದು."

ಓದಿ ನಾನೇ ನಕ್ಕೆ. ಸಾಯಂಕಾಲ ಕ್ಯಾಂಟೀನಿನಲ್ಲಿ ಗೆಳೆಯರಿಗೆ ಓದಿ ತೋರಿಸಿ, ಆಮೇಲೆ ಬೇರೆ ಹಾಳೆಯಲ್ಲಿ ಶುದ್ಧ ನಕಲು ಬರೆದು ಕಳಿಸಿದರಾಯಿತು ಅಂದುಕೊಂಡೆ. ಗಂಟೆ ಹೊಡೆಯಿತು, ಉತ್ತರಪತ್ರಿಕೆ ಕೂಡಿಸಿದೆ, ಕಟ್ಟಿದೆ. ಹಾಳೆ ಮರೆತುಹೋಯಿತು. ಅದು ಟಪಾಲಿನ ಫೈಲಿಗೆ ಸೇರಿತ್ತು. ಮರುದಿನ ಸಿಪಾಯಿ ಒಯ್ದು ಡಬ್ಬಿಗೆ ಹಾಕಿದ. ಮರೆತೆ ಅಂತ ಬರೆದೆನಲ್ಲ, ಅದೂ ಪೂರ್ತಿ ಖರೇ ಅಲ್ಲ. ಎರಡು ದಿನದ ಮೇಲೆ ನೆನಪಾಗಿತ್ತು. ಮಾಸ್ತರು ನಕ್ಕು ಬಿಟ್ಟಾರು ಅಂತ ಸುಮ್ಮನಿದ್ದೆ.

ಮಾಸ್ತರು ನಗಲಿಲ್ಲ. ಸರ್ ಹೆಸರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಸರ್ ನನ್ನನ್ನು ಕರೆದು ಕೂಡಿಸಿ, ಅದನ್ನು ಗಟ್ಟಿಯಾಗಿ ಓದಿದರು. "ಲೇಖನ ದಯವಿಟ್ಟು ವಾಪಸ್ಸು ಕಳಿಸಬೇಕು. ಪರೀಕ್ಷಕರ ಕಣ್ಣು ಬಹಳ ದೊಡ್ಡದು, ನನ್ನ ಯೋಗ್ಯತೆ ಸಣ್ಣದು. ಟ್ರಂಕಿಗೆ ಬೀಗ ಹಾಕಿದ್ದೇನೆ. ಇನ್ನು ಮುಂದೆ ಈ ಕೆಲಸಕ್ಕೆ ಕೈ ಹಚ್ಚುವುದಿಲ್ಲ."

ಸರ್ ಪತ್ರ ಮಡಚಿದರು. "ಸಾವಕಾರ್ರು ಅಚ್ಚು ಮಾಡ್ರಿ ಅಂದಾರ. ಇವರು ಟ್ರಂಕಿಗೆ ಬೀಗ ಹಾಕ್ಯಾರ. ನಡುವ ಇದ್ದಾಂವ ನೀ ಒಬ್ಬಾಂವ. ಏನ ಮಾಡಿದಿ?"

"ಒಂದ ಸಾಲ ಹೆಚ್ಚಿಗಿ ಬರದೇನ್ರಿ ಸರ."

"ಯಾರದು?"

"ನಂದ. ಅಂದ್ರ ಹಳೇ ಪ್ರಿನ್ಸಿಪಾಲರದು. ಅಂದ್ರ ಅವರ ಗತೆ ನಾ ಬರದದ್ದು."

"ಸಾವಕಾರ್ರ ಹೆಸರಿನ್ಯಾಗ."

"ಅವರ ಹೆಸರ ಎಲ್ಲೂ ಇಲ್ಲಲ್ರಿ ಸರ."

ಇದು ಬಾಯಿಂದ ಬಿದ್ದ ಮೇಲೆ ತಿರುಗಿ ತಗೊಳ್ಳಲು ಬರುವಂತಿದ್ದರೆ ತಗೊಳ್ಳುತ್ತಿದ್ದೆ. ಸರ್ ಕನ್ನಡಕ ತೆಗೆದು ಒರೆಸುತ್ತ ಕುಂತರು. ಆಧಾರ ಅಂದ ಮೇಲೆ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು.

"ಹೆಸರಿಲ್ಲದ ಮಾತನ್ನ ನಂಬಿ ಒಬ್ಬಾಂವ ಬೀಗ ಹಾಕಿದ ನೋಡು," ಅಂದರು. "ಹೆಸರಿದ್ದಿದ್ರ ಬಂದು ಜಗಳಾನರ ಮಾಡತಿದ್ದ. ನಾಳೆ ಖಾನಾಪುರಕ್ಕ ಹೋಗು. ಏನ ಮಾಡೀದಿ ಅದನ್ನ ಹೇಳು. ಪರೀಕ್ಷಕರು ಯಾರಂತ ಮಾತ್ರ ಬಾಯಿ ಬಿಡಬ್ಯಾಡ. ಆಮ್ಯಾಲೆ ಪ್ಯಾಟಿಗೆ ಹೋಗಿ ಅವರಿಗೂ ಹೇಳು. ಮಾಸ್ತರು ಆ ಟ್ರಂಕ್ ತೆಗೀಲಿಲ್ಲ ಅಂದ್ರ, ನೀ ನಕಲು ಮಾಡೂದು ಬ್ಯಾಡ. ಕಾಗದದ ಮ್ಯಾಲೂ ಬ್ಯಾಡ, ಕ್ಯಾಂಟೀನಿನ್ಯಾಗೂ ಬ್ಯಾಡ."

ಮರುದಿನ ಬಸ್ಸಿನಲ್ಲಿ ಕಿಟಕಿಯ ಬಾಜು ಸೀಟು ಸಿಕ್ಕಿತು. ಪೀರನವಾಡಿ ದಾಟಿದ ಮೇಲೆ ಹೇಳಬೇಕಾದ್ದನ್ನು ಬಾಯಲ್ಲೇ ಜೋಡಿಸತೊಡಗಿದೆ. ಮೊದಲು ಸರ್ ಗತ್ತಿನಲ್ಲಿ ಬಂತು, ಮಾಸ್ತರನ್ನೇ ಪ್ರಶ್ನೆ ಕೇಳುವ ಹಾಗಾಯಿತು. ಇತಿಹಾಸದವರ ಧಾಟಿಯಲ್ಲಿ ಶುರುಮಾಡಿದರೆ ತಪ್ಪು ಮಾಡಿದ್ದಕ್ಕೆ ನಾನೇ ತಲೆದೂಗುತ್ತಿದ್ದೆ. ಹಳೇ ಪ್ರಿನ್ಸಿಪಾಲರ ದನಿ ಬಂದಕೂಡಲೇ ಬಾಯಿ ಮುಚ್ಚಿಕೊಂಡೆ, ಅವರಿಂದಲೇ ಇಷ್ಟೆಲ್ಲ ಆದದ್ದು. ಬೆಳಗಾವಿಯಲ್ಲಿದ್ದವರೆಲ್ಲ ಬಂದರು, ನಾನೊಬ್ಬ ಬರಲಿಲ್ಲ.

ಪಕ್ಕದಲ್ಲಿ ಕಂಬಳಿ ಹೊದ್ದ ಹಿರಿಯರೊಬ್ಬರು ಅಷ್ಟೂ ಹೊತ್ತು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ನಾಟಕ ಕಂಪನ್ಯಾಗ ಇದ್ದೀಯೇನ ತಮ್ಮಾ?"

"ಇಲ್ರಿ ಕಾಕಾ. ತಪ್ಪಾಗೈತಿ ಅಂತ ಹೇಳಾಕ ಹೊಂಟೀನಿ."

"ಅದಕ್ಕ ಇಷ್ಟ ತಾಲೀಮ ಯಾಕ," ಅಂದು ಅವರು ಕಣ್ಣು ಮುಚ್ಚಿದರು.

ಸಾಲಿ ಬಿಟ್ಟಿತ್ತು. ಮಾಸ್ತರು ಮನೆಯ ಕಟ್ಟೆಯ ಮೇಲೆ ಹುಡುಗರ ಪಾಟಿ ತಿದ್ದುತ್ತಿದ್ದರು. ನಲವತ್ತರ ಆಜುಬಾಜಿನ, ತೆಳ್ಳಗಿನ ಮನುಷ್ಯ. ಕಾಲೇಜಿನವರು ಅಂದಕೂಡಲೇ ಎದ್ದು ಧೋತರ ಸರಿಮಾಡಿಕೊಂಡರು. "ಬರ್ರಿ ಸರ, ಕುಂದರ್ರಿ. ಲೇಖನ ಟಪಾಲಿಗೆ ಹಾಕಿದ್ರ ನಡೀತಿತ್ತು. ನೀವ ತಗೊಂಡ ಬಂದ್ರಿ?"

"ಲೇಖನ ತಂದಿಲ್ರಿ ಮಾಸ್ತರ. ಕುರ್ಚಿ ಮ್ಯಾಲೆ ಹುಟ್ಟಿದ್ದು ಅಂತ ಒಂದ ಸಾಲ ಬರದಿತ್ತಲ್ರಿ, ಅದನ್ನ ಪರೀಕ್ಷಕರು ಬರದಿಲ್ಲ. ನಾ ಬರದೇನಿ. ಚ್ಯಾಷ್ಟಿಗೆ. ಅವರು ನಿಮ್ಮ ಲೇಖನ ಅಚ್ಚು ಮಾಡ್ರಿ ಅಂತಾನ ಬರದಾರ."

ಯಾರ ದನಿಯಲ್ಲಿ ಹೇಳಿದೆನೋ ನನಗೇ ಗೊತ್ತಾಗಲಿಲ್ಲ. ಮಾಸ್ತರು ಕೈಯಲ್ಲಿದ್ದ ಪಾಟಿ ಕೆಳಗಿಟ್ಟರು. ಬೈಯುತ್ತಾರೆ ಅಂತ ಕಾದೆ. ಅವರು ನನ್ನ ಹತ್ತಿರ ಸರಿದು, ಒಳಗಿನವರಿಗೆ ಕೇಳದ ಹಾಗೆ ಕೇಳಿದರು.

"ನಿಮಗ ಹೆಂಗ ಗೊತ್ತಾತು?"

"ಏನು?"

"ಆ ಸಾಲ ನಂದಂತ."

ನಾನು ಅಲ್ಲೇ ಕಟ್ಟೆಯ ಮೇಲೆ ಕುಂತೆ.

"ಹಾಡಿದಾಕಿ ಎರಡ ಸಾಲ ಹಾಡಿ ಮರತಳ್ರಿ," ಅಂದರು ಮಾಸ್ತರು. "ಪದಕ್ಕ ಮೂರ ಸಾಲ ಇರಬೇಕು. ಎರಡ ವರ್ಷ ಕಾದೆ, ನೆಪ್ಪಾಗಲಿಲ್ಲ. ಇಂಥಾ ಛಲೋ ಪದ ಕುಂಟ ಆತಲ್ಲ ಅಂತ ನಾನ ಒಂದ ಕಾಲ ಹಚ್ಚಿದೆ. ಖರೇ ಅಂದ್ರ ಕುರ್ಚಿ ಮ್ಯಾಲೆ ಕುಂತ ಬರದೀನ್ರಿ. ಅದನ್ನೂ ಬರದಿದ್ರಲ್ಲ ನೀವು. ಒಂದ ಸಾಲ ಹಿಡದವರು ಉಳದದ್ದನ್ನೂ ಸುಳ್ಳ ಅಂತಾರ ಅಂತ ಬೀಗ ಹಾಕಿದೆ."

ನಾನು ಏನೂ ಹಿಡಿದಿರಲಿಲ್ಲ. ಆದರೆ ಅಷ್ಟು ಪದಗಳಲ್ಲಿ ಅದೊಂದಕ್ಕೇ ಯಾಕೆ ಕೊಕ್ಕೆ ಹಾಕಿದೆ ಅಂತ ಕಟ್ಟೆಯ ಮೇಲೆ ಕುಂತು ವಿಚಾರ ಮಾಡಿದರೆ ತಿಳಿಯಿತು. ಕಣ್ಣೀರನ್ನು ಸೆರಗಿನಲ್ಲಿ ಕಟ್ಟಿಕೊಂಡು ತರುವವರು ನಮ್ಮ ಕಾಲೇಜು ಗ್ಯಾದರಿಂಗಿನ ಕವಿಗಳು. ಅವರನ್ನು ನಾನು ವಾರಕ್ಕೆರಡು ಸಲ ಮಾಡಿ ತೋರಿಸುತ್ತಿದ್ದೆ. ತಲೆಗೆ ಗೊತ್ತಿಲ್ಲದ್ದು ಕಿವಿಗೆ ಗೊತ್ತಿತ್ತು.

ಬಾಜು ಮನೆಯ ಕಟ್ಟೆಯಲ್ಲಿ ಮುದುಕಿಯೊಬ್ಬಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಆಕೀನ ಹಾಡಿದಾಕಿ," ಅಂದರು ಮಾಸ್ತರು. ಓಣಿಗೆಲ್ಲ ಆಕೆ ಆಯಿ. "ಆಯಿ, ಆ ಮಾವಳಣಂದ ಪದ ಹೇಳ ನೋಡೂಣು, ಬೆಳಗಾವಿಯಿಂದ ಬಂದಾರ."

ಆಯಿ ಮೊರ ಆಡಿಸುತ್ತಲೇ ಎರಡು ಸಾಲು ಹಾಡಿದಳು. ಮೂರನೆಯದಕ್ಕೆ ಬಾಯಿ ತೆರೆದಳು, ಮೊರ ನಿಂತಿತು. "ಫುಡಚಂ ಇಸರಲೆ ರೇ ಬಾಳಾ. ಮುಂದಿಂದ ಮರತ ಹೋತು." ಮತ್ತೆ ಅಕ್ಕಿಯಲ್ಲಿ ಕೈಯಾಡಿಸಿದಳು. "ಇವರದೇನ ಲಗ್ನ ಆಗೇತೇನ?"

ಮಾಸ್ತರು ಒಂದು ಮಾತು ಮಾತ್ರ ಕೇಳಿಕೊಂಡರು. "ಪರೀಕ್ಷಕರು ಯಾರ್ರಿ? ಅಚ್ಚು ಮಾಡ್ರಿ ಅಂದಾರಂತ, ಒಂದ ಸಲ ಹೋಗಿ ನಮಸ್ಕಾರ ಮಾಡಿ ಬರತೇನಿ." ಹೇಳಿಬಿಡಬೇಕು ಅಂತ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟು ಮೆತ್ತಗೆ ಕೇಳಿದರು. ಹೇಳಲಿಲ್ಲ. ನನ್ನ ಹೆಸರಿಗೆ ಒಂದು ನಿಯಮವಾದರೂ ಉಳಿಯಲಿ ಅಂತ. ಸರ್‌ಗೆ ತಮ್ಮ ಸಾಲಿನ ವಿಷಯ ತಾವೇ ಬರೆಯುವುದಾಗಿ ಮಾಸ್ತರು ಹೇಳಿದರು. ನನ್ನ ಕೈಯಲ್ಲಿ ಕಳಿಸಲಿಲ್ಲ.

ಪೇಟೆಯಲ್ಲಿ ಸಾವಕಾರರು ಬೆಲ್ಲದ ಪೆಂಟೆಗಳ ನಡುವೆ ಕುಂತು ಪೂರ್ತಿ ಕೇಳಿಸಿಕೊಂಡರು. ನಡುವೆ ನಾನು ಏಳೆಂಟು ಸಲ ಸೀನಿದೆ. ಮಾಸ್ತರು ಯಾವ ಊರು, ಏನು ಹೆಸರು, ಆ ಸಾಲು ಯಾರದು, ಅದ್ಯಾವುದನ್ನೂ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

"ಗಟ್ಟಿ ಮಾಲು ಅಂದದ್ದನ್ನ ಏನ ಮಾಡಿದಿ?"

"ಉತ್ತಮ ಸಾಮಗ್ರಿ ಅಂತ ಮಾಡೇನ್ರಿ."

"ಅದ ಅಡ್ಡಿಯಿಲ್ಲ. ಚೀಲ ಬದಲ ಮಾಡಿದಿ, ಮಾಲ ಅದ ಐತಿ. ಆ ಕುರ್ಚಿ ಮಾತ ನಂದಲ್ಲ. ತೂಗಾಕ ಕುಂತಾಂವ ನಾ, ತಕ್ಕಡಿ ಮ್ಯಾಲೆ ಬೆರಳ ನಿಂದು. ಗಿರಾಕಿ ಬೈಯೋದು ಯಾರನ್ನ?"

"ನಿಮ್ಮನ್ನರಿ."

"ತಿಳೀತಲ್ಲ. ಬೆಲ್ಲ ತಿನ್ನು." ಒಂದು ಹಳಕು ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡು ಹೊರಗೆ ಬಂದೆ. ಅಷ್ಟು ಕಹಿ ಬೆಲ್ಲ ನಾನು ಮತ್ತೆ ತಿಂದಿಲ್ಲ.

ಆ ಸಾಲು ತಮ್ಮದೇ, ಟ್ರಂಕಿನ ಬೀಗ ತೆಗೆದಿದ್ದೇನೆ ಅಂತ ಮಾಸ್ತರ ಪತ್ರ ಬಂದ ಮೇಲೆ ಸರ್ ಅವರಿಗೆ ಉತ್ತರ ಬರೆದರು. ಆಯಿ ಏನು ಹಾಡಿದಳೋ ಅಷ್ಟನ್ನು ಕೊಡಿ, ಮರೆತ ಕಡೆ ಚುಕ್ಕಿ ಹಾಕಿ, ಕೆಳಗೆ "ಹಾಡಿದವರಿಗೆ ನೆನಪಾಗಲಿಲ್ಲ" ಅಂತ ಬರೆಯಿರಿ, ಕುಂಟಾದರೂ ಅದು ಅದರದೇ ಕಾಲು. ನನಗೂ ಒಂದು ಹೊಸ ಶಾಸನ ಆಯಿತು. ಮೂಲ ಮತ್ತು ನಕಲು ಎರಡನ್ನೂ ಬಾಜು ಬಾಜು ಇಟ್ಟು ಸರ್ ಮುಂದೆ ಓದಬೇಕು. ಬದಲಿಸಿದ ಮಾತಿಗೆ ಅವರ ಸಹಿ ಬೀಳಬೇಕು.

ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು ಏಳನೇ ಪದಕ್ಕೆ ಬಂದು ನಿಂತರು. "ಸರ, ಇಲ್ಲೊಂದ ಸಾಲ ಬಿಟ್ಟೀರಿ."

"ಬಿಟ್ಟಿಲ್ಲ. ಚುಕ್ಕಿ ಹಾಕ್ರಿ."

"ಸಾಲ ತುಂಬ ಚುಕ್ಕಿ? ನೋಡಾಕ ಚಂದ ಕಾಣಂಗಿಲ್ರಿ. ಬೇಕಾದ್ರ ನಾ ಒಂದ ಸಾಲ ಕೂಡಸ್ತೇನಿ. ತವರ ಅಂದ್ರ ನನಗ ಸರಾಗ ಬರತೈತಿ."

ಖಾಲಿ ಜಾಗ ಕಂಡರೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ಕೈ ತುರಿಸುತ್ತದೆ ಅಂತ ಅವತ್ತು ನನಗೆ ಸ್ವಲ್ಪ ಸಮಾಧಾನವಾಯಿತು. ಚುಕ್ಕಿ ಮುಗಿಯುವತನಕ ಅವರ ಪಕ್ಕದಲ್ಲೇ ನಿಂತಿದ್ದೆ.

ಪತ್ರಿಕೆ ಹೊರಬಂದು ಖಾನಾಪುರಕ್ಕೆ ಹೋಯಿತು. ತಿಂಗಳೊಪ್ಪತ್ತಿನ ಮೇಲೆ ಮಾಸ್ತರ ಲಕೋಟೆ ಬಂತು. ಆಯಿಗೆ ಓದಲು ಬರುವುದಿಲ್ಲ, ಆಕೆಯ ಹೆಸರು ಅಚ್ಚಾಗಿದೆ ಅಂತ ಕೇಳಿ ಮಾಸ್ತರನ್ನು ಕೂಡಿಸಿಕೊಂಡು ಓದಿಸಿದಳಂತೆ. ಏಳನೇ ಪದ ಬಂತು. ಎರಡು ಸಾಲು ಓದಿ ಮಾಸ್ತರು ಚುಕ್ಕಿಯ ಮುಂದೆ ಸುಮ್ಮನಾದರು. ಚುಕ್ಕಿಯನ್ನು ಓದುವುದು ಹೇಗೆ? ಮಾಸ್ತರೇ ಮರೆತರು ಅಂತ ಆಯಿಗೆ ಅನಿಸಿತು. "ಇಷ್ಟ ಸಾಲಿ ಕಲ್ತೀದಿ, ಒಂದ ಸಾಲ ನೆಪ್ಪಿಲ್ಲ," ಅಂತ ಬೈದು, ತಾನೇ ಹೇಳಿಕೊಟ್ಟಳಂತೆ:

ಹಸಿವಿ ತಂದೀನತ್ತಿ ಒಲಿ ಹಚ್ಚ

ಪತ್ರದ ಕೊನೆಯಲ್ಲಿ ಮಾಸ್ತರು ಕೇಳಿದ್ದರು, ಇದನ್ನು ಮುಂದಿನ ಸಂಚಿಕೆಗೆ ತೆಗೆದುಕೊಳ್ಳಬಹುದೇ, ಜೊತೆಗೆ ಟ್ರಂಕಿನಲ್ಲಿದ್ದ ಇನ್ನಷ್ಟು ಪದ ಇಟ್ಟಿದ್ದೇನೆ, ಹಾಡಿದವರ ಹೆಸರು, ಊರು, ಹಾಡಿದ ದಿನ ಎಲ್ಲ ಬರೆದಿದ್ದೇನೆ. ಸರ್ ಓದಿ ಮೂಗಿನಲ್ಲೇ ನಕ್ಕರು. "ಹಸಿವಿ," ಅಂದರು. "ಕಣ್ಣೀರಂತ, ಸೆರಗಂತ." ಲಕೋಟೆಯನ್ನು ನನ್ನ ಕಡೆ ತಳ್ಳಿದರು. "ನಿಯಮ ನಿಯಮನ. ಪರೀಕ್ಷಕರಿಗೆ ಹೋಗಲಿ. ನೋಡಕೋತ ಬರಿ."

ನೋಡಿಕೊಳ್ಳುತ್ತ ಬರೆದೆ. ಹದಿನೈದು ದಿನಕ್ಕೆ ಪೇಟೆಯಿಂದ ಹಾಳೆ ಬಂತು. ಸೀನು ಬರುವ ಮೊದಲೇ ಬಿಡಿಸಿದೆ. "ಯಾರು ಹಾಡಿದ್ದು ಬರೆದಾರ. ಎಲ್ಲಿ ಹಾಡಿದ್ದು ಬರೆದಾರ. ಎಲ್ಲ ಪದವೂ" ಅಂತ ಬರೆದು, ಅಲ್ಲಿ ಗಟ್ಟಿ ಮಾಲು ಅಂತ ಇದ್ದದ್ದನ್ನು ಹೊಡೆದುಹಾಕಿ, ದುಂಡಗೆ, ಅಂಕಲಿಪಿ ಪುಸ್ತಕದ ಹಾಗೆ, ಊರು ಮನೆ ಇಲ್ಲದ ಅಕ್ಷರದಲ್ಲಿ ಬರೆದಿದ್ದರು: "ಉತ್ತಮ ಸಾಮಗ್ರಿ. ಅಚ್ಚು ಮಾಡ್ರಿ."

ಊರವರನ್ನೆಲ್ಲ ನಾನು ನಕಲು ಮಾಡಿದ್ದೆ, ನನ್ನನ್ನು ನಕಲು ಮಾಡಿದವರು ಸಾವಕಾರರೊಬ್ಬರೇ. ಸರ್ ಮುಂದೆ ಮೂಲವನ್ನೂ ನಕಲನ್ನೂ ಬಾಜು ಬಾಜು ಇಟ್ಟೆ. ಅವರು ಎರಡನ್ನೂ ಓದಿದರು. ಸಹಿ ಹಾಕಲು ಬದಲಾದ ಮಾತು ಎಲ್ಲಿದೆ ಅಂತ ಹುಡುಕಿದರು, ಸಿಗಲಿಲ್ಲ. ಪೆನ್ನಿನ ಟೋಪಿ ಮುಚ್ಚಿ, "ಚಾ ಹೇಳು," ಅಂದರು.